ಹಳದಿ ಊರಲ್ಲಿ ಕಳೆದುಹೋದ ಮುದುಕ

ಬಿಂದುಮಾಧವ ಅವರ ಪರಿಚಯ ನನಗಾದದ್ದು ಜಗಳದಲ್ಲಿ. ಪುಣೆಯ ಹಡಪಸರದಲ್ಲಿ ಅವರ ಅಪಾರ್ಟ್‌ಮೆಂಟ್ ಸೊಸೈಟಿಗೆ ದಿನವೂ ನೀರಿನ ಟ್ಯಾಂಕರ್ ಬರುತ್ತಿತ್ತು. ಗೋಡೆಯಾಚೆ ತಗಡಿನ ಮನೆಗಳ ನಮ್ಮ ವಸ್ತಿಯ ನಲ್ಲಿಯಲ್ಲಿ ಬರೀ ಗಾಳಿ ಬರುತ್ತಿತ್ತು. ನಾವು ಹೆಂಗಸರು ಖಾಲಿ ಕೊಡ ಹಿಡಿದು ಅವರ ಗೇಟಿಗೆ ಅಡ್ಡ ಕೂತೆವು. ಸೊಸೈಟಿಯ ಚೇರ್ಮನ್ ಎರಡನೇ ಮಹಡಿಯ ಬಾಲ್ಕನಿಯಿಂದ ನಮ್ಮ ಏಳು ತಲೆಮಾರನ್ನೂ ಬೈದ. ಆ ಗದ್ದಲದಲ್ಲಿ ಬನಿಯನ್ ತೊಟ್ಟ ಉದ್ದನೆಯ ಮುದುಕರೊಬ್ಬರು ಕೆಳಗಿಳಿದು ಬಂದರು. ನಮ್ಮ ಬಾಯಲ್ಲಿ ಕನ್ನಡ ಕೇಳಿರಬೇಕು, ಕನ್ನಡದಲ್ಲೇ ಮಾತಾಡಿಸಿದರು.

"ಅಕ್ಕಾರ, ಬರೂಮುಂದ ಎಷ್ಟ್ ಮಂದಿ ಬಂದೀರಿ? ಎಣಿಸೀರೇನು?"

"ಯಾಕ್ರಿ, ಪೊಲೀಸರಿಗೆ ಹೇಳಾಕೇನು?"

"ಅಲ್ರಿ. ಹೋಗೂಮುಂದ ಅಷ್ಟೂ ಮಂದಿ ಮನಿ ಮುಟ್ಟಿದ್ರು ಅಂತ ಗೊತ್ತಾಗಬೇಕಲ್ಲ."

ಮೋರ್ಚಾದಲ್ಲಿ ಲಾಠಿ ಬಿದ್ದ ದಿನ ನಾವು ಮೊದಲು ಮಾಡುವುದು ಅದನ್ನೇ. ತಲೆ ಎಣಿಸಿ ಆಮೇಲೆ ನೀರು ಕುಡಿಯುತ್ತೇವೆ. ಸೊಸೈಟಿಯ ಮುದುಕನಿಗೆ ಇದು ಹೇಗೆ ಗೊತ್ತು ಅಂತ ಕೇಳಿದೆ. ಕೇಳಿದ್ದೇ ತಪ್ಪಾಯಿತು. ಅವತ್ತು ಶುರುವಾದ ಕತೆ ಇನ್ನೂ ಮುಗಿದಿಲ್ಲ.

ಹುಟ್ಟಿದ್ದು ಧಾರವಾಡದಲ್ಲಿ. ವಾಯುಸೇನೆಯಲ್ಲಿ ವೈರ್‌ಲೆಸ್ ಕೆಲಸ, ಕೊನೆಗೆ ಪುಣೆಯಲ್ಲಿ ನಿವೃತ್ತಿ. ಆಮೇಲೆ ಪಾಪುವಾ ನ್ಯೂಗಿನಿ ಎಂಬ ದೇಶದಲ್ಲಿ, ನೆಲದಡಿಯ ತೈಲ ಹುಡುಕುವ ಕಂಪನಿಯೊಂದರ ನೌಕರಿ. ಅಲ್ಲಿ ಬೆಟ್ಟ, ಕಾಡು, ಮೋಡ ಬಿಟ್ಟರೆ ರಸ್ತೆ ಎಂಬುದಿಲ್ಲವಂತೆ. ಕೊರೆಯುವ ಯಂತ್ರ, ಡೀಸೆಲ್, ಅಕ್ಕಿ, ಮನುಷ್ಯರು, ಎಲ್ಲವೂ ಹೆಲಿಕಾಪ್ಟರಿನಲ್ಲೇ ಹೋಗಬೇಕು. ಬಿಂದುಮಾಧವರು ಕೆಳಗೆ ತಗಡಿನ ಕೋಣೆಯಲ್ಲಿ ರೇಡಿಯೋ ಮುಂದೆ ಕೂರುವವರು. ಮೇಲಿದ್ದ ಪೈಲಟ್ ಅರ್ಧ ತಾಸಿಗೊಮ್ಮೆ "ಆಪರೇಶನ್ಸ್ ನಾರ್ಮಲ್" ಅನ್ನಬೇಕು. ಎಲ್ಲ ಸುರಳೀತ ಅಂತ ಅರ್ಥ. ಆ ಮಾತು ಬರಲಿಲ್ಲವೆಂದರೆ ಇವರು ಗಂಟೆ ಬಾರಿಸುತ್ತಾರೆ, ಕ್ಯಾಂಪಿನ ಕೆಲಸವೆಲ್ಲ ನಿಲ್ಲುತ್ತದೆ, ಹುಡುಕಾಟ ಶುರು.

"ನೀವು ಹಾರಲೇ ಇಲ್ಲೇನ್ರಿ?" ಅಂತ ಕೇಳಿದ್ದೆ.

"ಒಂದ್ ಸಲ ಹಾರೀನ್ರಿ. ವಾಂತಿ ಆತು. ಕ್ಯಾಪ್ಟನ್ ಗ್ರೀವ್ ಅಂದಾ, 'ಬಿಂದು, ನೀ ಕೆಳಗಿದ್ರ ನನಗ ಧೈರ್ಯ, ಮ್ಯಾಲಿದ್ರ ನನ್ನ ಬೂಟ್ ಹಾಳು.'"

"ಅಲ್ರಿ, ಕಾಡಿನ ಮಂದಿ ನೆಲಾ ಅಗಿಯೋ ಕಂಪನಿ ಉಪ್ಪು ತಿಂದೀರಲ್ಲ, ಎಣ್ಣಿ ಸಿಕ್ತೇನು?"

"ನಾವಿದ್ದಲ್ಲಿ ಒಂದ್ ಹನೀನೂ ಸಿಗಲಿಲ್ಲ."

"ಛಲೋ ಆತು ಬಿಡ್ರಿ."

"ನಮ್ಮ ತೊಂಬೆನೂ ಹಿಂಗ ಅಂದಿದ್ದ," ಅಂತ ನಕ್ಕರು.

ತೊಂಬೆ ಅಲ್ಲಿನವನೇ. ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೆ ಜೋತಾಡುವ ಕೊಕ್ಕೆಗೆ ಸಾಮಾನಿನ ಬಲೆ ಸಿಕ್ಕಿಸುವವನು. ಅವನ ಮದುವೆಗೆ ಹೆಣ್ಣಿನ ಮನೆಯವರಿಗೆ ಹಂದಿ ಕೊಡಬೇಕಿತ್ತು. ಹೆಣ್ಣಿನ ಊರು ಬೆಟ್ಟದಾಚೆ. ಕ್ಯಾಪ್ಟನ್ ಗ್ರೀವ್ ನ್ಯೂಜಿಲೆಂಡಿನವನು, ಸ್ವಭಾವತಃ ಕಟ್ಟುನಿಟ್ಟು. ಹತ್ತುವ ಪ್ರತಿಯೊಬ್ಬರನ್ನೂ ತಕ್ಕಡಿಗೆ ಹತ್ತಿಸಿ ತೂಗಿದ ಮೇಲೆಯೇ ಯಂತ್ರ ಎತ್ತುವವನು. ಅವತ್ತು ಹಂದಿಗಳನ್ನೂ ತೂಗಿಸಿ ಬಲೆಯಲ್ಲಿ ಕಟ್ಟಿಕೊಂಡು ಹಾರಿದ. ಕ್ಯಾಂಪಿನ ಮ್ಯಾನೇಜರನಿಗೆ ಆಕಾಶದಲ್ಲಿ ಕಿರುಚಾಟ ಕೇಳಿತು. ರೇಡಿಯೋದಲ್ಲಿ, "ಲೋಡ್ ಏನು?" ಅಂದ. ಬಿಂದುಮಾಧವರು ಒಂದು ಗಳಿಗೆಯೂ ತಡೆಯದೆ, "ತುರ್ತು ಬಿಡಿಭಾಗ" ಅಂದರು. ಆ ಕಂಪನಿಯ ನೆಲದಲ್ಲಿ ಎಣ್ಣೆ ಹುಟ್ಟಲಿಲ್ಲ, ಹೆಲಿಕಾಪ್ಟರಿನಿಂದ ತೊಂಬೆಯ ಸಂಸಾರವಾದರೂ ಹುಟ್ಟಿತು.

ಇನ್ನೊಬ್ಬ ರುಡಿ, ಫಿಲಿಪೀನ್ಸಿನ ಮೆಕ್ಯಾನಿಕ್. ಹ್ಯಾಂಗರಿನ ತೊಲೆಗೆ ಮೀನು ಕಟ್ಟಿ ಒಣಗಿಸುತ್ತಿದ್ದ. ಸಸ್ಯಾಹಾರಿ ಬಿಂದುಮಾಧವರು ಮೂಗಿಗೆ ಪಂಚೆ ಕಟ್ಟಿಕೊಂಡು ರೇಡಿಯೋದಲ್ಲಿ ಮಾತಾಡುತ್ತಿದ್ದರು. ಇವರ ದನಿ ಗೊಗ್ಗರಾದರೆ ಅವತ್ತು ಮೀನು ಜಾಸ್ತಿ ಅಂತ ಮೇಲಿನ ಪೈಲಟ್‌ಗಳಿಗೆ ತಿಳಿಯುತ್ತಿತ್ತಂತೆ.

ಈಗ ಎಲ್ಲರೂ ಮುದುಕರು, ಒಬ್ಬೊಬ್ಬರು ಒಂದೊಂದು ದೇಶದಲ್ಲಿ. ಆದರೂ ಬೆಳಿಗ್ಗೆ ಚಹಾದ ಹೊತ್ತಿಗೆ ನಾಲ್ವರೂ ವಾಟ್ಸಾಪ್ ಗುಂಪಿನಲ್ಲಿ "ಆಪ್ಸ್ ನಾರ್ಮಲ್" ಅಂತ ಹಾಕಲೇಬೇಕು. ಊರು ಬಿಟ್ಟರೆ ಹೇಳಿ ಹೋಗಬೇಕು, ಮುಟ್ಟಿದ ಮೇಲೆ ಹೇಳಬೇಕು. ಹೇಳದಿದ್ದರೆ ಹುಡುಕಾಟ. ಹುಡುಕಾಟ ಶುರುವಾದರೆ ಕಳೆದವನ ದನಿ ಕಿವಿಗೆ ಬೀಳುವತನಕ ನಿಲ್ಲಿಸುವಂತಿಲ್ಲ. ಸಿಕ್ಕ ಅಂತ ಬೇರೆಯವರು ಹೇಳಿದರೆ ನಡೆಯುವುದಿಲ್ಲ. ಊರಿಗೊಬ್ಬ ಬದಲಿ ಮನುಷ್ಯನ ನಂಬರನ್ನೂ ಕೊಟ್ಟಿರಬೇಕು. ಬಿಂದುಮಾಧವರು ಕೊಟ್ಟದ್ದು ನನ್ನ ನಂಬರು.

ಇದೆಲ್ಲ ಅವರ ಮಗಳು ಪ್ರಾಚಿಗೆ ಮುದುಕರ ಆಟ. ಆಕೆ ಹಲ್ಲಿನ ಡಾಕ್ಟರು, ಅಪ್ಪ ಆಕೆಯ ಜೊತೆಯಲ್ಲೇ ಇರುತ್ತಾರೆ. ಹಿಂದಿನ ವರ್ಷ ನಾಯಿಯೊಂದು ಅಡ್ಡ ಬಂದು ಅವರು ಸ್ಕೂಟರಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಾಗ ಆಕೆ ನನ್ನೆದುರೇ ಹೇಳಿದ್ದಳು.

"ಅಪ್ಪಾ, ಒಂದ ಮಾತು. ಒಮ್ಮೆ ನೀವು ಎಲ್ಲಿದ್ದೀರಿ ಅನ್ನೂದು ನನಗ ಗೊತ್ತಾಗಲಿಲ್ಲಂದ್ರ ಗಾಡಿ ಚಾವಿ ನನ್ನ ಕಡೆ."

ಆ ಸ್ಕೂಟರ್ ಇದ್ದರೆ ಅವರು ಸಾಸವಡದ ಸಂತೆಯಲ್ಲಿರುತ್ತಾರೆ, ನಮ್ಮ ವಸ್ತಿಯ ಚಹಾದಂಗಡಿಯಲ್ಲಿರುತ್ತಾರೆ. ಇಲ್ಲದಿದ್ದರೆ ಲಿಫ್ಟಿನ ಮುಂದಿನ ಬಾಕಿನ ಮೇಲೆ, ಸಕ್ಕರೆ ಕಾಯಿಲೆಯ ಅಂಕಿ ಹೇಳಿಕೊಳ್ಳುವ ಮುದುಕರ ಸಾಲಿನಲ್ಲಿ. ಅಲ್ಲಿ ಕೂರುವುದಕ್ಕಿಂತ ರುಡಿಯ ಮೀನಿನ ಜೊತೆ ಮಲಗುವುದು ವಾಸಿ ಅನ್ನುತ್ತಿದ್ದರು.

ಅವರು ಕಳೆದುಹೋದದ್ದು ಸೋಮವತಿ ಅಮಾವಾಸ್ಯೆಯ ದಿನ. ತೊಂಬೆಯ ಕಡೆ ಹಬ್ಬದಲ್ಲಿ ಗಂಡಸರು ಮುಖಕ್ಕೆ ಹಳದಿ ಮಣ್ಣು ಬಳಿದುಕೊಳ್ಳುತ್ತಾರಂತೆ. ನಮ್ಮ ಜೇಜುರಿಯಲ್ಲಿ ಖಂಡೋಬನಿಗೆ ಭಂಡಾರದ ಅರಿಶಿನ ತೂರಿ ಇಡೀ ಗುಡ್ಡವೇ ಹಳದಿಯಾಗುವುದನ್ನು ತೋರಿಸು ಅಂತ ಅವನು ವರ್ಷಗಳಿಂದ ಕೇಳುತ್ತಿದ್ದ. ಬಿಂದುಮಾಧವರ ಮನೆದೇವರೂ ಖಂಡೋಬನೇ, ಅಂದರೆ ನಮ್ಮ ಕಡೆಯ ಮೈಲಾರಲಿಂಗ. ಸ್ಕೂಟರ್ ಹತ್ತಿ ಹೋದರು. ಮುಟ್ಟಿದ ಮೇಲೆ "ಜೇಜುರಿ, ಆಪ್ಸ್ ನಾರ್ಮಲ್, ಮಧ್ಯಾಹ್ನ ಊಟಕ್ಕೆ ಮನೆಗೆ" ಅಂತ ಹಾಕಿದರು. ಅಲ್ಲಿಂದ ಸದ್ದಿಲ್ಲ.

ಊಟದ ಹೊತ್ತು ದಾಟಿದ ಮೇಲೆ ನನಗೆ ನ್ಯೂಜಿಲೆಂಡಿನಿಂದ ಫೋನ್ ಬಂತು. ಕಾರ್ಮಿಕ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಕಲಿತ ಇಂಗ್ಲಿಷ್ ನನ್ನದು. ಬೈಯಲು ಸಾಲುತ್ತದೆ, ಉತ್ತರ ಹೇಳಲು ಸ್ವಲ್ಪ ಕಷ್ಟ. ಕ್ಯಾಪ್ಟನ್ ಗ್ರೀವ್ ಕೇಳಿದ: ಕೊನೆಗೆ ಎಲ್ಲಿದ್ದ? ಗಾಡಿಯಲ್ಲಿ ಪೆಟ್ರೋಲ್ ಎಷ್ಟಿತ್ತು? ಬಟ್ಟೆಯ ಬಣ್ಣ ಯಾವುದು? ಅವನಿಗೆ ಉತ್ತರ ಕೊಡುವಷ್ಟರಲ್ಲಿ ಪ್ರಾಚಿಯ ಕಾರು ವಸ್ತಿಯ ಬಾಯಿಗೆ ಬಂದು ನಿಂತಿತ್ತು. ಆಕೆಗೆ ರುಡಿ ಫೋನ್ ಮಾಡಿದ್ದ.

ಜೇಜುರಿಯ ದಾರಿಯಲ್ಲಿ ದಿವೆ ಘಾಟ್ ಹತ್ತುವಾಗ ಆಕೆ ಎದುರು ಬಂದ ಪ್ರತಿ ಸ್ಕೂಟರನ್ನೂ ಬಗ್ಗಿ ನೋಡುತ್ತಿದ್ದಳು, ಬಾಯಲ್ಲಿ ಮಾತ್ರ ಬೈಗುಳ.

"ಸಿಗ್ಲಿ ಒಮ್ಮೆ. ಚಾವಿ ಅಷ್ಟ ಅಲ್ಲ, ಗಾಡೀನ ಮಾರ್ತೀನಿ."

"ಮೊದಲ ಸಿಗ್ಲಿ. ಆಮ್ಯಾಲೆ ಇಬ್ರೂ ಕೂಡಿ ಬೈಯೂಣು," ಅಂದೆ.

ಜೇಜುರಿಯಲ್ಲಿ ಮನುಷ್ಯರು, ಮೆಟ್ಟಿಲು, ಎಮ್ಮೆ, ಪೊಲೀಸರ ಟೋಪಿ, ಎಲ್ಲವೂ ಹಳದಿ. ತೆಂಗಿನಕಾಯಿ ಮಾರುವವನಿಗೆ, ಬಿಳಿ ಅಂಗಿಯ ಉದ್ದನೆಯ ಮುದುಕನನ್ನು ನೋಡಿದೆಯಾ ಅಂತ ಮರಾಠಿಯಲ್ಲಿ ಕೇಳಿದೆ. "ಆಜೀ, ಆಜ್ ಪಾಂಢರಾ ಶರ್ಟ್ ಕುಣಾಚಾ ಆಹೆ?" ಅಂದ. ಇವತ್ತು ಬಿಳಿ ಅಂಗಿ ಯಾರಿಗಿದೆ ಅಜ್ಜಿ? ಅವನು ಕೇಳಿದ್ದರಲ್ಲೂ ತಪ್ಪಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಗುಡ್ಡದ ಕೆಳಗೆ ಗಾಡಿ ನಿಲ್ಲಿಸುವ ಬಯಲಿನಲ್ಲಿ. ಸ್ಕೂಟರಿನ ಪಕ್ಕ ಹೆಲ್ಮೆಟ್ಟಿನ ಮೇಲೆ ಕೂತು, ಶಹಾಪುರದ ಕಡೆಯಿಂದ ಬಂದ ಯಂಕವ್ವ ಎಂಬಾಕೆ ಕೊಟ್ಟ ರೊಟ್ಟಿ ತಿನ್ನುತ್ತಿದ್ದರು. ಹುಬ್ಬಿನವರೆಗೂ ಹಳದಿ. ಸ್ಕೂಟರಿನ ಮೇಲೆ ಒಂದು ಹಳದಿ ಟವೆಲ್ ಹಾಸಿತ್ತು.

ಪ್ರಾಚಿ ಅಳಲೋ ಬಡಿಯಲೋ ಅನ್ನುವಂತೆ ನಿಂತಳು. "ಅಪ್ಪಾ! ಫೋನ್ ಎಲ್ಲೆ?"

"ಭಂಡಾರ ಹೊಕ್ಕು ಸತ್ತೈತವ್ವಾ. ತೊಂಬೆಗೆ ವಿಡಿಯೋ ಮಾಡ್ಲಿಕ್ಕೆ ಹೋಗಿದ್ದೆ."

"ಗಾಡಿ ಕೆಟ್ಟದೇನು?"

"ಇಲ್ಲ. ಫಸ್ಟ್ ಕ್ಲಾಸ್ ಅದ."

"ಮತ್ತ ಮನಿಗೆ ಯಾಕ ಬರ್ಲಿಲ್ಲ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಗದ್ದಲದಾಗ ಗುಡ್ಡಾ ಇಳಿಯೂದ್ರಾಗ ಊಟದ ಹೊತ್ತು ದಾಟಿತ್ತು. ಹುಡುಕಾಟ ಶುರು ಆದ ಮ್ಯಾಲೆ ಕಳದಾಂವ ಯಂತ್ರ ಬಿಟ್ಟು ಅಲುಗಾಡಬಾರದಲ್ಲ! ನೀ ಇತ್ತ ಬರಾಕಿ, ನಾ ಅತ್ತ ಹೋಗಾಂವ, ಘಾಟಿನ್ಯಾಗ ತಪ್ಪಿ ಹೋಗಿದ್ರ? ದೂರದಿಂದ ಕಾಣ್ಲಿ ಅಂತ ಎದ್ದು ಕಾಣೂ ಬಣ್ಣದ ಬಟ್ಟಿನೂ ಹಾಸೀನಿ."

"ಜೇಜುರಿಯೊಳಗ ಹಳದಿ ಬಟ್ಟಿ?" ಅಂದೆ ನಾನು.

ಒಮ್ಮೆ ಟವೆಲ್ ನೋಡಿದರು, ಒಮ್ಮೆ ಗುಡ್ಡ ನೋಡಿದರು. "ಹೌದಲ್ರಿ. ಕಾಡಿನ್ಯಾಗ ಛಲೋ ಕಾಣತಿತ್ತು."

"ಯಾರದರೇ ಫೋನ್ ಇಸ್ಕೊಂಡು ಹಚ್ಚಬೇಕಿಲ್ಲೊ?" ಪ್ರಾಚಿ ಬಿಡಲಿಲ್ಲ.

"ನಂಬರ್ ಯಾರದೂ ಬಾಯಾಗಿಲ್ಲ. ಹಳೇ ಕ್ಯಾಂಪಿನ ಫ್ರೀಕ್ವೆನ್ಸಿ ಕೇಳು, ಹೇಳ್ತೀನಿ."

ಯಂಕವ್ವ ನನ್ನ ಕಡೆ ಬಾಗಿ, "ಯವ್ವಾ, ಮಧ್ಯಾಹ್ನದಿಂದ ಹೇಳಾಕತ್ತೀನಿ, ಗಾಡಿ ಹತ್ತಿ ಹೋಗ್ರೀ ಅಂತ. 'ನಾ ಕಳದೀನ್ರಿ, ಹೋಗಾಂಗಿಲ್ಲ' ಅಂತಾರ" ಅಂದಳು.

ನನ್ನ ಫೋನಿನಲ್ಲಿ ಇವರ ದನಿ ಕೇಳಿದ ಮೇಲೆಯೇ ಕ್ಯಾಪ್ಟನ್ ಮಲಗಲು ಹೋದ. ಪ್ರಾಚಿ ಚಾವಿ ಕಿತ್ತುಕೊಂಡಳು. ಲೂನಾ ಓಡಿಸಿ ಪಳಗಿದ ಕೈ ನನ್ನದು, ಸೀರೆ ಸಿಕ್ಕಿಸಿ ಸ್ಕೂಟರನ್ನು ನಾನೇ ತಂದೆ. ಘಾಟ್ ಇಳಿಯುವಷ್ಟೂ ಹೊತ್ತು ಕಾರಿನ ಕಿಟಕಿಯಿಂದ ಒಂದು ಹಳದಿ ಮುಖ ನನ್ನನ್ನು, ಅಂದರೆ ಸ್ಕೂಟರನ್ನು, ನೋಡುತ್ತಿತ್ತು.

ಹುಡುಕಾಟದಲ್ಲಿ ಇದ್ದವರು ಗುಂಪಿನಲ್ಲೂ ಇರಬೇಕು ಅಂತ ಕ್ಯಾಪ್ಟನ್ ನನ್ನನ್ನೂ ಪ್ರಾಚಿಯನ್ನೂ ಸೇರಿಸಿದ. ಅಪ್ಪನ ಸುದ್ದಿ ಕಣ್ಣೆದುರು ಇರಲಿ ಅಂತ ಆಕೆ ಒಪ್ಪಿದಳು. ಆದರೆ ನಿಯಮ ಎಲ್ಲರಿಗೂ ಒಂದೇ. ಆಕೆಯೂ "ಕ್ಲಿನಿಕ್, ಆಪ್ಸ್ ನಾರ್ಮಲ್" ಅಂತ ನಗುವ ಗೊಂಬೆಮುಖದ ಜೊತೆ ಹಾಕತೊಡಗಿದಳು. ಬಿಂದುಮಾಧವರು ಲಿಫ್ಟಿನ ಮುಂದೆ ಕೂತರು. ಮಾತು ಕಡಿಮೆಯಾಯಿತು. ಹಂದಿಯ ಕತೆಯನ್ನು ನಾನೇ ಕೇಳಿದರೂ ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದರು. ಅದು ನನಗೆ ಸರಿಬರಲಿಲ್ಲ. ಕತೆ ಹೇಳದ ಬಿಂದುಮಾಧವ ಎಂದರೆ ಟ್ಯಾಂಕರ್ ಇಲ್ಲದ ಸೊಸೈಟಿ.

ಮಳೆಗಾಲದಲ್ಲಿ ಒಂದು ದಿನ ಪ್ರಾಚಿ "ಊಟಕ್ಕೆ ಮನೆಗೆ" ಅಂತ ಹಾಕಿದವಳು ಹೋಗಲೂ ಇಲ್ಲ, ಹೇಳಲೂ ಇಲ್ಲ. ರುಡಿ ಕ್ಲಿನಿಕ್ಕಿಗೆ ಫೋನ್ ಮಾಡಿದ. ಅಲ್ಲಿ ಕೂರುವ ಶಿವಾನಿ, ಸಾಲ ಕೊಡುತ್ತೇವೆ ಅನ್ನುವವರ ಕಾಟ ಅಂದುಕೊಂಡು ಕಟ್ ಮಾಡಿದಳು. ಅಷ್ಟು ಸಾಕಾಯಿತು. ಕ್ಯಾಪ್ಟನ್ ನನಗೆ ಫೋನ್ ಹಚ್ಚಿದ: ಹತ್ತಿರದವಳು ನೀನೇ, ಹೋಗು.

ಕೊಡೆ ಹಿಡಿದು ಹೋದೆ. ಶಿವಾನಿ ಬೇಡ ಬೇಡ ಅಂದರೂ ಒಳಗೆ ನುಗ್ಗಿದೆ. ಪ್ರಾಚಿ ಮುಖಕ್ಕೆ ಮಾಸ್ಕ್ ಹಾಕಿ ಒಬ್ಬನ ದವಡೆಗೆ ಯಂತ್ರ ಹಿಡಿದು ನಿಂತಿದ್ದಳು. ಬಾಯಿ ತೆರೆದು ಮಲಗಿದ್ದವನು ಸೊಸೈಟಿಯ ಚೇರ್ಮನ್. ಅವತ್ತು ಬಾಲ್ಕನಿಯಿಂದ ನಮ್ಮನ್ನು ಬೈದದ್ದು ಅದೇ ಬಾಯಿ, ಇವತ್ತು ಅರ್ಧ ಮರಗಟ್ಟಿ, ನನ್ನನ್ನು ಕಂಡು "ಆ... ಆ..." ಅಂತು.

"ಮಲಗ್ರಿ ಸಾಹೇಬ್ರ, ನಿಮ್ಮ ಗೇಟಿಗೆ ಬಂದಿಲ್ಲ," ಅಂದೆ.

"ದುರ್ಗಕ್ಕಾ, ಏನಿದು!" ಪ್ರಾಚಿ ಚೀರಿದಳು.

"ನೀ ಕಳದೀಯವ್ವಾ. ಹುಡುಕಾಕ ಬಂದೀನಿ." ಫೋನನ್ನು ಆಕೆಯ ಮಾಸ್ಕಿಗೆ ಹಿಡಿದೆ. "ಮಾತಾಡು. ನಾ ಹೇಳಿದ್ರ ಒಪ್ಪಾಂಗಿಲ್ಲ ಅವರು."

ಪ್ರಾಚಿ, ತಾನು ಕೆಲಸದಲ್ಲಿದ್ದೆ, ಹಲ್ಲಿನ ಬೇರು ಸುಲಭಕ್ಕೆ ಸಿಗಲಿಲ್ಲ, ಇದೇನು ಹುಚ್ಚಾಟ ಅಂತ ಇಂಗ್ಲಿಷಿನಲ್ಲಿ ಒದರಿದಳು. ಕ್ಯಾಪ್ಟನ್ ಪೂರಾ ಕೇಳಿಸಿಕೊಂಡು, ಅವೆಲ್ಲ ಸರಿ, ಆ ಎರಡು ಮಾತು ಹೇಳಮ್ಮ ಅಂದ.

"ಆಪರೇಶನ್ಸ್ ನಾರ್ಮಲ್," ಅಂದಳು, ಹಲ್ಲು ಕಡಿದುಕೊಂಡೇ.

ಅದೇ ಕರೆಯಲ್ಲಿ ಕೂಡಿಕೊಂಡಿದ್ದ ರುಡಿ, ತೊಂಬೆ ಎಲ್ಲ ಒಟ್ಟಿಗೆ ಕೇಕೆ ಹಾಕಿದರು. ಆಗಲೇ ಬಾಗಿಲಲ್ಲಿ ಬಿಂದುಮಾಧವರು ಕಂಡರು. ಸೊಂಟದವರೆಗೆ ಒದ್ದೆ, ಬಾಯಲ್ಲಿ ತೇಕು, ಚಪ್ಪಲಿ ಒಂದೇ.

ಪ್ರಾಚಿ ಯಂತ್ರ ಕೆಳಗಿಟ್ಟಳು. "ಈ ಮಳಿಯಾಗ ನಡಕೊಂತ ಬಂದ್ರೇನು?"

"ರಿಕ್ಷಾದವರು ಒಬ್ರೂ ನಿಲ್ಲಲಿಲ್ಲ. ಗಾಡಿ ಚಾವಿ ನಿನ್ನ ಕಡೆ ಅದ."

ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ಪ್ರಾಚಿ ಅಪ್ಪನ ಬರಿಗಾಲು ನೋಡಿ ಕೈಗವಸು ಕಳಚಿದಳು. ಜೇಜುರಿಯ ದಿನ ತಾನು ಘಾಟಿನಲ್ಲಿ ಪ್ರತಿ ಸ್ಕೂಟರನ್ನೂ ಬಗ್ಗಿ ನೋಡಿದ್ದು ನೆನಪಾಗಿತ್ತೋ ಏನೋ, ನಾನು ಕೇಳಲಿಲ್ಲ. ಚೇರ್ಮನ್ ಮತ್ತೆ "ಆ..." ಅಂದ.

"ಶಿವಾನಿ," ಅಂದಳು ಪ್ರಾಚಿ, "ಕೆಳಗಿನ ಡ್ರಾದಾಗ ಚಾವಿ ಅದ. ಅಪ್ಪಗ ಕೊಡು. ಒಂದ್ ಟವೆಲ್ಲೂ ಕೊಡು. ಹಳದಿದು ಬ್ಯಾಡ."

ಮುಂದಿನ ವಾರ ಸಾಸವಡದಲ್ಲಿ ಸೀತಾಫಲ ಬಂದಿದೆ ಅಂತ ಹೊರಟೆವು. ಅವರು ಸ್ಕೂಟರ್ ಹತ್ತಿ ಕೂತು, ಗುಂಪಿಗೆ "ಹಡಪಸರ ಬಿಡುತ್ತಿದ್ದೇವೆ, ಇಬ್ಬರು" ಅಂತ ಹಾಕಿ, ತಡೆದು ನನ್ನ ಕಡೆ ತಿರುಗಿದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಕ್ಯಾಪ್ಟನ್ ಕೇಳಾಕತ್ತಾನ. ನಿಮ್ಮ ತೂಕ ಎಷ್ಟ್ರಿ?"

"ತುರ್ತು ಬಿಡಿಭಾಗ ಅಂತ ಹಾಕ್ರಿ," ಅಂದೆ. "ನಡೀರಿ ಇನ್ನ."