ಕಲ್ಲಿನ ಬಾಣಂತನ

ನನಗಾಗ ಇಪ್ಪತ್ತೆರಡು. ಅದಾಗಿ ನಲವತ್ತು ವರ್ಷದ ಮೇಲಾಯಿತು. ಹಾಸನಕ್ಕೆ ಬಂದು ಕೆಲಸಕ್ಕೆ ಸೇರಿದ ದಿನವೇ ಒಂದು ಕಲ್ಲು ನನ್ನ ಬೆರಳು ಹಿಡಿದುಕೊಂಡಿತು.

ಹೊಳೆನರಸೀಪುರದ ಕಡೆಯ ನಮ್ಮೂರಿನವರು ಇದನ್ನು ನಂಬಲ್ಲ. ನಂಬದಿದ್ದರೆ ಬಿಡಿ. ಗಂಡ ಸತ್ತ, ಭಾವ ಬಾಗಿಲು ಹಾಕಿಕೊಂಡ, ನಾನು ಹಾಸನದ ಕೇರಿಯಲ್ಲಿ ಚಿಕ್ಕವ್ವನ ಗುಡಿಸಲು ಸೇರಿದೆ. ಕೆಲಸ ಸಿಕ್ಕಿದ್ದು ಒಬ್ಬ ಕಾಲೇಜು ಮೇಷ್ಟ್ರ ಮನೇಲಿ. ಮುಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿ, ಅದರ ತುಂಬ ಮಂಗಳೂರಿಂದ ಲಾರಿಯಲ್ಲಿ ತರಿಸಿದ ಸಮುದ್ರದ ನೀರು, ನೀರೊಳಗೆ ಹವಳದ ಕಲ್ಲು. ಕಲ್ಲಿನ ಮೈತುಂಬ ಎಳೆಗೂಸಿನ ಬೆರಳಿನಂಥವು ತಮ್ಮಷ್ಟಕ್ಕೆ ಆಡುತ್ತಿದ್ದವು. ಮುಟ್ಟಿದರೆ ಅಂಟಿಕೊಂಡು ಒಳಕ್ಕೆ ಎಳೆಯೋವು.

ಇವು ಜೀವ, ನೀರು ಯಾವಾಗಲೂ ಒಂದೇ ಬಿಸಿ ಇರಬೇಕು, ಇವು ಸತ್ತರೆ ನಿನಗೆ ಇಲ್ಲಿ ಕೆಲಸ ಇಲ್ಲ ಅಂದರು ಮೇಷ್ಟ್ರು. ಕೆಲಸ ಇಲ್ಲದಿದ್ದರೆ ನನಗೆ ಹೋಗೋಕೆ ಜಾಗವೂ ಇರಲಿಲ್ಲ.

ತೊಟ್ಟಿಯ ಕೆಳಗೆ ತಗಡಿನ ಡಬ್ಬದಲ್ಲಿ ಬಲ್ಬು ಉರೀತಿತ್ತು. ನೀರಲ್ಲಿ ಪಾದರಸದ ಗಾಜಿನ ಕಡ್ಡಿ. ನನಗೆ ಅಂಕಿ ಬರದು ಅಂತ ಅದಕ್ಕೆ ಕೆಂಪು ದಾರ ಕಟ್ಟಿಕೊಟ್ಟಿದ್ದರು. ರಸ ದಾರ ದಾಟಿದರೆ ಬಲ್ಬು ಆರಿಸಿ ಒದ್ದೆ ಬಟ್ಟೆ ಸುತ್ತಬೇಕು, ಇಳಿದರೆ ಬಲ್ಬು ಹಾಕಬೇಕು. ನಾನು ಮೊಣಕೈ ಅದ್ದಿಯೂ ನೋಡುತ್ತಿದ್ದೆ, ಕೂಸಿಗೆ ನೀರು ಹುಯ್ಯುವಾಗ ನೋಡುವ ಹಾಗೆ. "ಕಲ್ಲಿಗೆ ಬಾಣಂತನ ಮಾಡಕ್ಕೆ ಓಯ್ತಾವಳೆ ನೋಡ್ರಮ್ಮಿ" ಅಂತ ಕೇರಿಯ ಹೆಂಗಸರು ಆಡಿಕೊಳ್ಳೋರು.

ನಮ್ಮೂರ ಹೊಳೆಯಲ್ಲಿ ದೊಡ್ಡ ಜಾತಿಯವರು ಮೇಲುಗಡೆ, ನಾವು ಕೆಳಗಡೆ. ಅದು ಗೊತ್ತಿದ್ದ ಕಟ್ಟು. ಇಲ್ಲಿನದು ಬೇರೆ ಥರ. ಮೇಷ್ಟ್ರ ತಾಯಿ ನನಗೆ ಕುಡಿಯೋ ನೀರನ್ನು ಹಿತ್ತಲಲ್ಲಿ ಎತ್ತರದಿಂದ ಬೊಗಸೆಗೆ ಹುಯ್ಯೋರು. ಸಮುದ್ರದ ನೀರಿಗೆ ಮಾತ್ರ ಮೈಲಿಗೆ ಇಲ್ಲವಂತೆ, ಅದಕ್ಕೆ ಕೈ ಅದ್ದಬಹುದು. ಆ ಮನೆಯಲ್ಲಿ ನನ್ನ ಮುಟ್ಟಿದ್ದು ಆ ಕಲ್ಲೊಂದೇ.

ಧನುರ್ಮಾಸದ ಚಳಿ. ಮೇಷ್ಟ್ರು ಹೊಸ ನೀರು ತರಲು ಮಂಗಳೂರಿಗೆ ಹೋಗಿದ್ದರು. ಮಧ್ಯಾಹ್ನ ಕರೆಂಟು ಹೋಯಿತು, ಬರಲಿಲ್ಲ. ಸಂಜೆ ಹೊತ್ತಿಗೆ ರಸ ದಾರ ಬಿಟ್ಟು ಇಳಿಯಿತು. ಬೆರಳುಗಳು ಒಂದೊಂದಾಗಿ ಕಲ್ಲೊಳಗೆ ಸೇರಿಕೊಂಡವು. ತೊಟ್ಟಿಗೆ ಗೋಣಿಚೀಲ ಸುತ್ತಿದೆ. ಗಾಜಿನ ಸೀಸೆಗಳಿಗೆ ಬಿಸಿನೀರು ತುಂಬಿ ಬಿರಡೆ ಹಾಕಿ ನೀರಿಗೆ ಇಳಿಬಿಟ್ಟೆ.

ಅಷ್ಟರಲ್ಲಿ ಮೇಷ್ಟ್ರ ತಾಯಿ ಪೂಜೆಯ ತಾಮ್ರದ ತಂಬಿಗೆಯಲ್ಲಿ ಬಿಸಿನೀರು ಹಿಡಿದು ಬಂದರು. ಅದನ್ನು ತೊಟ್ಟಿಯೊಳಗೆ ಇಡೋಕೆ ನೋಡಿದರು. ಆಯಮ್ಮನಿಗೂ ಅವು ಉಳಿಯಲಿ ಅಂತಲೇ ಆಸೆ. ಆದರೆ ತಾಮ್ರ ತಾಗಿಯೇ ಹಿಂದಿನ ಸಲ ತಂದವು ಸತ್ತವು ಅಂತ ಮೇಷ್ಟ್ರು ನನಗೆ ಹೇಳಿದ್ದರು. ಅದನ್ನೇ ಹೇಳಿದೆ.

"ದೇವರ ತೀರ್ಥಕ್ಕೆ ಆಗೋ ತಾಮ್ರ ಇವಕ್ಕೆ ವಿಷವೇನೇ? ಸರಿ ಆ ಕಡೆ."

ಆಯಮ್ಮನ ಕೈ ಹಿಡಿದು ತಡೆಯೋ ಹಾಗಿಲ್ಲ, ನಾನು ಮುಟ್ಟಬಾರದು. ಸೆರಗು ಸಿಕ್ಕಿಸಿ ತೋಳನ್ನು ನೀರಿಗಿಳಿಸಿ ಕಲ್ಲಿನ ಮೇಲೆ ಅಡ್ಡ ಇಟ್ಟೆ.

"ಇಳ್ಸಿ ಅಮ್ಮಾವ್ರೆ. ತಂಬ್ಗೆ ನನ್ ಕೈಗೆ ತಾಗ್ತದೆ, ಅಷ್ಟೆಯ."

ಆಯಮ್ಮ ಹಿಂದಕ್ಕೆ ಸರಿದರು. ಹೋಗಲಿಲ್ಲ, ಬಾಗಿಲಲ್ಲೇ ನಿಂತರು. ಕೋಣೆ ಕತ್ತಲಾಗುತ್ತ ಬಂತು. ಆಗ ಕಲ್ಲು ಬಿಚ್ಚಿಕೊಂಡಿತು. ಸಣ್ಣ ಬೆರಳುಗಳು ನನ್ನ ಮಣಿಕಟ್ಟಿಂದ ಮೊಣಕೈವರೆಗೂ ಹಿಡಿದವು. ಅವು ಬಿಗಿಯೋದು, ಸಡಿಲ ಬಿಡೋದು ನನ್ನ ನಾಡಿ ಹೊಡೆದ ಹಾಗೇ ಇತ್ತು. ಅವು ನನ್ನ ನಾಡಿ ಹಿಡಿದವೋ, ನನ್ನ ನಾಡಿಯೇ ಅವುಗಳ ಹಿಂದೆ ಹೋಯಿತೋ, ಈಗಲೂ ಹೇಳಲಾರೆ. ನೀರು ಬಿಸಿ ಅನ್ನಿಸಲಿಲ್ಲ, ತಣ್ಣಗೂ ಅನ್ನಿಸಲಿಲ್ಲ. ಕೈ ಇದೆ ಅನ್ನೋದೇ ತಿಳಿಯಲಿಲ್ಲ.

"ಹಿಡ್ಕೊಂಡವೇನೇ?" ಅಂತ ಆಯಮ್ಮನ ದನಿ ಬಂತು, ಮೆಲ್ಲಗೆ.

"ಊಂ ಅಮ್ಮಾವ್ರೆ."

ಸ್ವಲ್ಪ ಹೊತ್ತಿಗೆ ಬಿಸಿನೀರು ತುಂಬಿದ ಸೀಸೆಯೊಂದನ್ನು ನನ್ನ ಇನ್ನೊಂದು ಕೈಗೆ ಎಟಕುವ ಹಾಗೆ ನೆಲದ ಮೇಲಿಟ್ಟು ದೂರ ಹೋದರು. ಅದು ಆರಿದ ಮೇಲೆ ಮತ್ತೊಂದು. ಕರೆಂಟು ಬಂದು ಬಲ್ಬು ಹತ್ತುವ ತನಕ ಹಾಗೇ ನಡೆಯಿತು. ಅವು ಬದುಕಿದವು. ಕೈ ತೆಗೆಯುವಾಗ ಬಿಡಲಿಲ್ಲ, ಕಿತ್ತುಕೊಳ್ಳಬೇಕಾಯಿತು.

ಆಮೇಲೆ ನಾನು ಹಾಸನದವಳೇ ಆದೆ ಅಂತಾರೆ ಊರಿನವರು. ಹಾಸನದವರು ಹೊಳೆ ಕಡೆಯವಳು ಅಂತಾರೆ. ಊರಿಗೆ ಹೋದಾಗ ಹೊಳೆಗೆ ಮೊಣಕೈ ಅದ್ದಿ ನೋಡುತ್ತೀನಿ. ಆ ಬಿಸಿ ಅಲ್ಲಿಲ್ಲ.

ಆ ಕರೆಂಟು ಹೋದ ರಾತ್ರಿಯ ಮಾರನೆ ಬೆಳಿಗ್ಗೆ ಹಿತ್ತಲಲ್ಲಿ ಆಯಮ್ಮ ಎಂದಿನಷ್ಟೇ ಎತ್ತರದಿಂದ ನೀರು ಹುಯ್ದರು. ಕುಡಿದು ಕೋಣೆಗೆ ಹೋದೆ. ಬಲ್ಬು ಉರೀತಿತ್ತು. ರಸ ದಾರದ ಮಟ್ಟಕ್ಕೇ ಇತ್ತು. ಕೈ ಅದ್ದುವ ಕೆಲಸ ಇರಲಿಲ್ಲ. ಸೆರಗು ಸಿಕ್ಕಿಸಿ, ಮೊಣಕೈವರೆಗೂ ಇಳಿಸಿದೆ.