ಎಡಗಡೆಯ ಗೋಡೆ

ಅವರ ಬಲಗೈ ಹೆಬ್ಬೆರಳಿನ ಉಗುರು ಸುಟ್ಟ ಪ್ಲಾಸ್ಟಿಕ್ಕಿನ ಹಾಗೆ ಕಪ್ಪಾಗಿ ಮುದುಡಿಕೊಂಡಿತ್ತು. ಟೀವಿ ರಿಪೇರಿ ಮಾಡುವಾಗ ಕಾದ ಸಾಲ್ಡರಿಂಗ್ ಕಡ್ಡಿ ಅದನ್ನು ಎಷ್ಟು ಸಲ ಸುಟ್ಟಿತ್ತೋ ದೇವರಿಗೇ ಗೊತ್ತು. ಆ ಉಗುರಿನಿಂದಲೇ ಅವರು ಗಾಂಠಿಯಾ ಎಂಬ ಕಡಲೆಹಿಟ್ಟಿನ ಕುರುಕಲಿನ ಪೊಟ್ಟಣ ಹರಿಯುತ್ತಿದ್ದರು, ಅದರಿಂದಲೇ ಕಿವಿ ಕೆರೆದುಕೊಳ್ಳುತ್ತಿದ್ದರು, ಆಮೇಲೆ ಅದೇ ಕೈಯನ್ನು ಮುಂದೆ ಚಾಚಿ, "ತಗೋರಿ ಅಕ್ಕಾರ, ಬಿಸಿ ಅದಾವ" ಎನ್ನುತ್ತಿದ್ದರು. ನಾನು "ನೋ, ಥ್ಯಾಂಕ್ಯೂ" ಎನ್ನುತ್ತಿದ್ದೆ. ಅಷ್ಟು ವರ್ಷ ಎದುರುಬದುರು ಮನೆಯಲ್ಲಿದ್ದು ನಾನು ಅವರೊಡನೆ ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಅದೇ ಇರಬೇಕು.

ಅಹಮದಾಬಾದಿನ ವಸ್ತ್ರಾಪುರದಲ್ಲಿ, ಕೆರೆಗೆ ಹತ್ತಿರದ ಒಂದು ಹೌಸಿಂಗ್ ಸೊಸೈಟಿಯ ಮೂರನೇ ಮಹಡಿಯಲ್ಲಿ ನಮ್ಮ ಫ್ಲ್ಯಾಟು. ನನ್ನ ಯಜಮಾನರು ಅಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಭೌತವಿಜ್ಞಾನಿಯಾಗಿದ್ದು ರಿಟೈರ್ ಆದವರು. ಎದುರು ಮನೆಯವರೂ ಕನ್ನಡದವರಂತೆ ಎಂದು ಮೊದಲ ದಿನ ಅವರು ಹಿಗ್ಗಿದ್ದೇ ಹಿಗ್ಗಿದ್ದು. ನನ್ನ ಹಿಗ್ಗು ಎರಡು ವಾಕ್ಯದವರೆಗೂ ಬಾಳಲಿಲ್ಲ. ಆ ಮನುಷ್ಯ ಹುಬ್ಬಳ್ಳಿ ಕಡೆಯವರು. ಹುಡುಗರಾಗಿದ್ದಾಗ ಇಲ್ಲಿನ ಬಟ್ಟೆ ಗಿರಣಿಯ ವಿದ್ಯುತ್ ಕೆಲಸಕ್ಕೆ ಬಂದು, ಗಿರಣಿ ಮುಚ್ಚಿದ ಮೇಲೆ ಮಣಿನಗರದ ಸ್ಟೇಷನ್ ಬಳಿ ಟೀವಿ ರಿಪೇರಿ ಅಂಗಡಿ ಹಾಕಿದ್ದರು. ಹೆಂಡತಿ ಗುಜರಾತಿನವರು. ಕನ್ನಡದಲ್ಲಿ ಶುರುವಾದ ಮಾತು ಹಿಂದಿಯಲ್ಲಿ ಹೊರಳಿ ಗುಜರಾತಿಯಲ್ಲಿ ಮುಗಿಯುತ್ತಿತ್ತು. ಮೂರೂ ಭಾಷೆಗೆ ಒಂದೇ ಗಂಟಲು, ಒಂದೇ ಕೂಗು. ಮೈಸೂರಿನ ಕಾನ್ವೆಂಟಿನಲ್ಲಿ ಐರಿಷ್ ನನ್‌ಗಳ ಕೈಕೆಳಗೆ ಓದಿದವಳು ನಾನು. ಬಾಗಿಲು ತೆರೆದಿಟ್ಟು, ಬನಿಯನ್ನನ್ನು ಎದೆಯವರೆಗೆ ಮಡಿಸಿ, ಹೊಟ್ಟೆಗೆ ಗಾಳಿ ಹಾಕಿಕೊಳ್ಳುವ ಗಂಡಸಿನ ಜೊತೆ ಏನು ಕಾನ್ವರ್ಸೇಷನ್ ಮಾಡಲಿ? ಸೊಸೈಟಿಯವರೆಲ್ಲ ಟೀವಿ ಕಾಕಾ ಎನ್ನುತ್ತಿದ್ದರು. ನಾನು ಟೀವಿಯವರು ಎನ್ನುತ್ತಿದ್ದೆ. ಅದಕ್ಕಿಂತ ಹತ್ತಿರ ಹೋಗುವ ಇಚ್ಛೆ ನನಗಿರಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಒಂದು ಬೆಳಿಗ್ಗೆ ನಾಲ್ಕು ಜನ ಹಮಾಲರು ಮದುವೆಯ ಮಂಚ ಹೊತ್ತ ಹಾಗೆ ಏನನ್ನೋ ಹೊತ್ತು ಮೆಟ್ಟಿಲು ಹತ್ತಿದರು. ಪ್ಲಾಸ್ಮಾ ಟೀವಿ. ಗೋಡೆಗೆ ನೇತುಹಾಕುವ ಚಪ್ಪಟೆ ಟೀವಿಯನ್ನು ನಾವೆಲ್ಲ ಆಗ ಶೋರೂಮಿನ ಗಾಜಿನಾಚೆ ನೋಡಿದ್ದೆವು ಅಷ್ಟೆ. ಇದೂ ಯಾವುದೋ ಶೋರೂಮಿನಲ್ಲಿ ನೋಡುವವರಿಗಾಗಿ ಇಟ್ಟಿದ್ದದ್ದೇ. ಚಾನೆಲ್ ಹಿಡಿಯುವ ಭಾಗ ಸುಟ್ಟುಹೋಗಿ ಮೂಲೆ ಸೇರಿತ್ತು; ಟೀವಿಯವರು ಎತ್ತಿಕೊಂಡು ಬಂದರು. ಅದರಲ್ಲಿ ನ್ಯೂಸ್ ಬರುತ್ತಿರಲಿಲ್ಲ, ಸೀರಿಯಲ್ ಬರುತ್ತಿರಲಿಲ್ಲ. ಕಂಪ್ಯೂಟರಿನ ವೈರು ಸಿಕ್ಕಿಸುವ ಜಾಗವೊಂದು ಮಾತ್ರ ಜೀವಂತ. ಹಾಗಾಗಿ ಅವರು ಅದಕ್ಕೆ ಹಳೆಯ ಕಂಪ್ಯೂಟರು ಜೋಡಿಸಿ, ನಾಲ್ಕಡಿ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಕಾರ್ ರೇಸ್ ಆಡಲು ಕೂತರು.

ಇದಕ್ಕಿಂತ ಸಿಲ್ಲಿಯಾದ ದೃಶ್ಯವನ್ನು ನಾನು ಕಂಡಿಲ್ಲ. ಮಧ್ಯಾಹ್ನ ಒಂದಕ್ಕೆ ಅಂಗಡಿಯ ಶಟರ್ ಎಳೆದು, ಸುಡುಬಿಸಿಲಿನಲ್ಲಿ ಇಡೀ ಊರು ದಾಟಿ ಸ್ಕೂಟರಿನಲ್ಲಿ ಬರುವುದು, ಊಟ ಮಾಡಿ ಈ ಮಹಾಕಾರ್ಯಕ್ಕೆ ಕೂರುವುದು. ಆ ಟೀವಿ ಒಲೆಯ ಹಾಗೆ ಕಾಯುತ್ತಿತ್ತು. ಒದ್ದೆ ಟವಲ್ಲು ಹೆಗಲಿಗೆ ಹಾಕಿಕೊಂಡು ಅದರ ಮುಂದೆ ಬೇಯುತ್ತಿದ್ದರು. ಚಿತ್ರದ ಅಂಚುಗಳು ಟೀವಿಯಲ್ಲಿ ಹಿಡಿಸುತ್ತಿರಲಿಲ್ಲ, ಕತ್ತರಿಸಿಹೋಗುತ್ತಿದ್ದವು. ಒಂದೇ ಆಟ ಆಡಿ ಆಡಿ, ಕಾರಿನ ಸ್ಪೀಡ್ ತೋರಿಸುವ ಮುಳ್ಳಿನ ಗುರುತು ಗಾಜಿನ ಮೂಲೆಯಲ್ಲಿ ಅಚ್ಚೊತ್ತಿ ಕೂತಿತ್ತು. ಆಟ ನಿಲ್ಲಿಸಿದರೂ ಹೋಗುತ್ತಿರಲಿಲ್ಲ. ಒತ್ತಿದ ಗುಂಡಿಗೆ ಕಾರು ಒಂದು ಚಿಟಿಕೆಯಷ್ಟು ತಡವಾಗಿ ತಿರುಗುತ್ತಿತ್ತು. ಅದಕ್ಕೂ ಅವರ ಬಳಿ ಸಮರ್ಥನೆಯಿತ್ತು: "ದೊಡ್ಡ ಟೀವಿ ಅಂದ್ರ ದೊಡ್ಡ ಸಾಹೇಬ್ರು ಇದ್ದಂಗರೀ. ಹೇಳಿದ್ದು ತಲಿಗೆ ಇಳ್ಯಾಕ ಒಂದೀಟ ಹೊತ್ತ ಬೇಕು." ನನ್ನ ಯಜಮಾನರು ಇದಕ್ಕೆ ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ.

ಆ ಬೇಸಿಗೆಯಲ್ಲೇ ಯಜಮಾನರಿಗೆ ಸ್ಟ್ರೋಕ್ ಆಯಿತು. ಎಡಗೈ ಎಡಗಾಲು ಹೋದವು. ಅದನ್ನಾದರೂ ತಡೆದುಕೊಂಡೆ. ಅವರಿಗೆ ಎಡಗಡೆ ಎನ್ನುವುದೇ ಇಲ್ಲವಾದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಕಣ್ಣಿಗೆ ಏನೂ ಆಗಿಲ್ಲ, ಎಡಗಡೆಯೂ ಲೋಕವಿದೆ ಎಂಬುದನ್ನು ಮಿದುಳು ಬಿಟ್ಟುಬಿಟ್ಟಿದೆ ಎಂದರು ಡಾಕ್ಟರು. ತಟ್ಟೆಯ ಬಲ ಅರ್ಧದ ಅನ್ನ ತಿಂದು, "ಇಷ್ಟೇನಾ?" ಎಂದು ಕೇಳುತ್ತಿದ್ದರು; ನಾನು ತಟ್ಟೆ ತಿರುಗಿಸುತ್ತಿದ್ದೆ. ಬಲಗೆನ್ನೆ ಮಾತ್ರ ಶೇವ್ ಮಾಡಿಕೊಳ್ಳುತ್ತಿದ್ದರು. ಯಾವಾಗಲೂ ಎಡಗಡೆಯೇ ಕೂತು ಮಾತಾಡಿಸಿ, ಆಗ ಆ ಕಡೆ ಗಮನ ಬಂದೀತು ಎಂದು ಫಿಸಿಯೋಥೆರಪಿಯ ಹುಡುಗಿ ಹೇಳಿದ್ದಳು. ನಾನು ಎಡಗಡೆ ಕೂತು ಅವರ ಮೆಚ್ಚಿನ ಇಂಗ್ಲಿಷ್ ಪುಸ್ತಕಗಳನ್ನು ಓದಿ ಹೇಳುತ್ತಿದ್ದೆ. ಅವರು ಬಲಗಡೆಯ ಕಿಟಕಿ ಪರದೆಗೆ ಉತ್ತರ ಕೊಡುತ್ತಿದ್ದರು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡ ಪರದೆಯ ಜೊತೆ ಮಾತಾಡುವುದನ್ನು ನೋಡುತ್ತಾ ಕೂರಬೇಕು. ಅವರು ಇನ್ನೊಮ್ಮೆ ತಲೆ ತಿರುಗಿಸಿ ನನ್ನನ್ನು ನೋಡಿದರೆ ಸಾಕು, ಬೇರೇನೂ ಬೇಡ ಎನ್ನಿಸಿಬಿಟ್ಟಿತ್ತು.

ಇಂಥ ಮನೆಗೆ ಎದುರಿನಿಂದ ಮಧ್ಯಾಹ್ನವೆಲ್ಲ ಕಾರುಗಳ ಕಿರುಚಾಟ. ಸೊಸೈಟಿಯ ಸೆಕ್ರೆಟರಿಗೆ ಒಂದು ಕಂಪ್ಲೇಂಟ್ ಬರೆದೆ. ಕೈಬರಹದಲ್ಲಿ, ಎರಡು ಪುಟ, ಒಳ್ಳೆಯ ಇಂಗ್ಲಿಷಿನಲ್ಲಿ. ಅನ್‌ಕಲ್ಟಿವೇಟೆಡ್ ಎಂದು ಬರೆದೆ, ವಲ್ಗರ್ ಎಂದು ಬರೆದೆ, ಸಿವಿಲೈಸ್ಡ್ ಜನರ ನಡುವೆ ಬಾಳಲು ಅರ್ಹರಲ್ಲ ಎಂಬರ್ಥದ ಒಂದು ಉದ್ದನೆಯ ವಾಕ್ಯವನ್ನೂ ಬರೆದೆ. ಬರೆದು ಮುಗಿಸಿದಾಗ ತಿಂಗಳುಗಳ ನಂತರ ಮೊದಲ ಸಲ ಮನಸ್ಸು ಹಗುರಾಗಿತ್ತು.

ಮೀಟಿಂಗಿನಲ್ಲಿ ಸೆಕ್ರೆಟರಿ ಕಾಕಾ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಬೆನ್, ಬಹು ಭಾರೇ ಇಂಗ್ಲಿಷ್ ಛೇ," ಅಕ್ಕಾ, ಬಹಳ ಭಾರಿ ಇಂಗ್ಲಿಷು, ಎಂದು ನನ್ನತ್ತ ಕೈ ಮುಗಿದರು. ಆಮೇಲೆ ಏನು ಮಾಡಿದರು ಗೊತ್ತೆ? ಟೀವಿ ಕಂಪನಿಗಳ ಇಂಗ್ಲಿಷ್ ಪುಸ್ತಕ ಓದಿ ಅಭ್ಯಾಸವಿದ್ದವರೆಂದು, ಅದನ್ನು ಟೀವಿಯವರ ಕೈಗೇ ಕೊಟ್ಟು ಎಲ್ಲರಿಗೂ ಗುಜರಾತಿಯಲ್ಲಿ ಹೇಳಲು ಕೇಳಿದರು!

ಆ ಮನುಷ್ಯ ಕನ್ನಡಕ ಹಾಕಿಕೊಂಡು ಎದ್ದು ನಿಂತರು. ಒಂದು ಅಕ್ಷರ ಮುಚ್ಚಿಡಲಿಲ್ಲ. ಗೊತ್ತಾಗದ ಪದ ಬಂದಾಗ, "ಅಕ್ಕಾರ, ಇದೇನ್ರಿ?" ಎಂದು ನನ್ನನ್ನೇ ಕೇಳಿದರು; ಅಷ್ಟು ಜನರ ಮುಂದೆ ನಾನು ಅರ್ಥ ಹೇಳಬೇಕಾಯಿತು. "ಬೆನ್ ಕಹೇ ಛೇ ಕೆ ಹುಂ ಜಂಗ್ಲೀ ಛುಂ," ನಾನು ಕಾಡುಮನುಷ್ಯನಂತೆ, ಎಂದು ಸಭೆಗೆ ತಿಳಿಸಿದರು. ತಮ್ಮ ಹೆಂಡತಿಯತ್ತ ತಿರುಗಿ, "ವಾತ್ ತೋ ಸಾಚಿ ಛೇ ನೆ?" ಎಂದರು. ಮಾತು ನಿಜ ತಾನೆ? ಸಭೆಯೆಲ್ಲ ನಕ್ಕಿತು, ಹೆಂಡತಿ ಎಲ್ಲರಿಗಿಂತ ಜೋರಾಗಿ. ಅಪ್ಪಟ ಅವಮಾನ. ಅವರಿಗಲ್ಲ, ನನಗೆ.

ಮರುದಿನ ಬಾಗಿಲು ಬಡಿದರು. "ಅಕ್ಕಾರ, ಸದ್ದಿಗೆ ಸರ್‌ಗ ನಿದ್ದಿ ಬರಂಗಿಲ್ಲ ಅಂತ ಬರದೀರಿ. ಬರೊಬ್ಬರಿ ಐತಿ. ಹಂಗಾರ ಸರ್‌ನ ನಮ್ಮನಿಗೇ ಕರಕೊಂಡ ಬರ್ರಿ. ಮಲಗೂದ ಬ್ಯಾಡ." ಪರಿಹಾರ ಹುಡುಕುವ ಬುದ್ಧಿ ನೋಡಿ! ಬಾಗಿಲು ಹಾಕಿದೆ.

ವಾರದ ನಂತರ ಔಷಧಿ ತರಲು ಹೋಗಬೇಕಾಗಿ, ಅವರ ಹೆಂಡತಿಯನ್ನು ನಮ್ಮ ಮನೆಯಲ್ಲಿ ಕೂರಿಸಿ ಹೋಗಿದ್ದೆ. ಬಂದು ನೋಡಿದರೆ ಮನೆ ಖಾಲಿ. ಎದುರು ಮನೆಯಲ್ಲಿ, ಗೋಡೆಯಷ್ಟಗಲದ ಟೀವಿಯ ಮುಂದೆ ವೀಲ್‌ಚೇರಿನಲ್ಲಿ ನನ್ನ ಯಜಮಾನರು, ಬಲಗೈ ಬೆರಳು ಕೀಬೋರ್ಡಿನ ಬಾಣದ ಗುಂಡಿಗಳ ಮೇಲೆ. ಅವರ ಕೆಂಪು ಕಾರು ಎಡಗಡೆಯ ಗೋಡೆಗೆ ಹೋಗಿ ಹೋಗಿ ಗುದ್ದುತ್ತಿತ್ತು.

"ವಾಟ್ ಈಸ್ ದಿಸ್ ನಾನ್‌ಸೆನ್ಸ್!" ಎಂದೆ.

"ಅದನ್ನ ನಾನೂ ಕೇಳಾಕತ್ತೀನ್ರಿ," ಎಂದರು ಟೀವಿಯವರು. "ಇಷ್ಟ ಓದಿದ ಮನಷ್ಯಾ, ಇಷ್ಟ ದೊಡ್ಡ ಗ್ವಾಡಿ ಕಾಣಂಗಿಲ್ಲಂದ್ರ ಏನ್ರಿ ಸರ? ಸೂರತ್ ಹೈವೇದಾಗ ಲಾರಿ ಹೊಡಿಯಾವ್ರೂ ನಿಮ್ಮಕಿಂತ ಚಲೋ!"

ಕಾಯಿಲೆಯ ಮನುಷ್ಯನಿಗೆ ಹೀಗೆ ಅನ್ನುವುದೆ? ವೀಲ್‌ಚೇರ್ ತಳ್ಳಿಕೊಂಡು ಬಂದುಬಿಟ್ಟೆ. ಆದರೆ ಯಜಮಾನರು ನಗುತ್ತಿದ್ದರು. ಮರುದಿನ ಎರಡು ಗಂಟೆಗೆ ನೋಡಿದರೆ ಬಲಗಾಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು, ಹೊರಡಲು ಸಿದ್ಧರಾಗಿ ಕೂತಿದ್ದಾರೆ. ಎಡಗಾಲಿನ ಚಪ್ಪಲಿಯನ್ನು ನಾನೇ ಹಾಕಿದೆ. ಹಾಕಿ, ಜೊತೆಗೆ ಹೋದೆ.

ಅಂದಿನಿಂದ ಪ್ರತಿದಿನ ಎರಡರಿಂದ ನಾಲ್ಕು. ಅವರ ಎಡಗಡೆ ಒಂದು ಸ್ಟೀಲ್ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಆ ಸದ್ದು, ಆ ಸೆಕೆ, ಎಣ್ಣೆಯ ವಾಸನೆ, ಗೆದ್ದಾಗ ತೊಡೆ ತಟ್ಟಿಕೊಳ್ಳುವ ಆ ಅಸಹ್ಯ. ಟೀವಿಯವರಿಗೆ ಕರುಣೆ ಎಂಬುದೇ ಇರಲಿಲ್ಲ. ಒಬ್ಬರ ನಂತರ ಒಬ್ಬರು ಆಡುವುದು, ಒಂದೇ ಒಂದು ಸಲವೂ ಬೇಕೆಂದು ಸೋಲಲಿಲ್ಲ. ಸೋಲುತ್ತಿದ್ದವರು ನನ್ನ ಯಜಮಾನರೇ, ಯಾವಾಗಲೂ ಎಡಗಡೆಯ ಗೋಡೆಗೇ ಗುದ್ದಿ. ಕೊನೆಗೆ ಟೀವಿಯವರಿಗೆ ರೇಗಿಹೋಯಿತು. ವೈರಿಗೆ ಸುತ್ತುವ ಹಳದಿ ಟೇಪು ತಂದು ಆ ದೊಡ್ಡ ಗಾಜಿನ ಎಡ ಅಂಚಿಗೆ ಮೇಲಿಂದ ಕೆಳಗೆ ಅಂಟಿಸಿದರು.

"ಸರ, ಈ ಹಳದಿ ಪಟ್ಟಿ ಕಾಣೂ ಮಟಾ ಗಾಡಿ ಚಾಲೂ ಮಾಡಂಗಿಲ್ಲ. ಕಂಡ್ತೇನ್ರಿ?"

"ಕಂಡಿತು."

"ಸುಳ್ಳ ಹೇಳ್ತೀರಿ. ಮಾರಿ ಇನ್ನೂ ಈ ಕಡೇನ ಐತಿ. ಹೊಳ್ಳ್ರಿ. ಇನ್ನೂ ಹೊಳ್ಳ್ರಿ. ಕುತ್ತಿಗಿ ಏನ್ ಬಾಡಿಗಿ ತಂದೀರೇನ್?"

ಫಿಸಿಯೋಥೆರಪಿಯ ಹುಡುಗಿ ಒಮ್ಮೆ ಅಲ್ಲಿಗೆ ಬಂದವಳು ಟೇಪು ನೋಡಿ, "ಆಂಟಿ, ಇದನ್ನ ಯಾವ ಡಾಕ್ಟರ್ ಹೇಳಿಕೊಟ್ಟರು? ಪುಸ್ತಕದ ಎಡ ಅಂಚಿಗೆ ಹೀಗೇ ಗೆರೆ ಎಳೆಯಲು ನಮಗೆ ಕಲಿಸುತ್ತಾರೆ. ನಾನು ಮುಂದಿನ ವಾರ ಹೇಳಬೇಕೆಂದಿದ್ದೆ" ಎಂದಳು. ನಾಲ್ಕಡಿಯಿಂದ ಅಷ್ಟು ದೊಡ್ಡ ಪರದೆ ನೋಡಬೇಕಾದರೆ ಕತ್ತು ತಿರುಗಿಸಲೇಬೇಕು, ಅದೂ ಒಳ್ಳೆಯದೇ ಎಂದಳು. ಟೀವಿಯವರು ಆಗ ಹೆಬ್ಬೆರಳ ಉಗುರಿನಿಂದ ಹಲ್ಲು ಚುಚ್ಚಿಕೊಳ್ಳುತ್ತಿದ್ದರು. ನಾನು ಪುಸ್ತಕದ ಪುಟ ತಿರುಗಿಸಿದೆ.

ಆರನೆಯ ವಾರವಿರಬೇಕು. ಆಟದಲ್ಲಿ ಒಂದು ಎಡತಿರುವು ಬಂತು. ಯಜಮಾನರ ತಲೆ ಹಳದಿ ಪಟ್ಟಿ ಹುಡುಕುತ್ತಾ ತಿರುಗಿತು. ಪಟ್ಟಿ ಸಿಕ್ಕಿತು. ಅಲ್ಲಿ ನಿಲ್ಲದೆ ಇನ್ನೂ ತಿರುಗಿತು. ಗಾಜಿನ ಅಂಚು ದಾಟಿತು, ಗೋಡೆಯ ಕ್ಯಾಲೆಂಡರ್ ದಾಟಿತು, ನನ್ನ ಮುಖಕ್ಕೆ ಬಂದು ನಿಂತಿತು. ಕಣ್ಣು ಕಿರಿದು ಮಾಡಿ ನೋಡಿದರು.

"ಅರೆ, ನೀನು ಯಾವಾಗ ಬಂದೆ?"

ನಾನು ಪುಸ್ತಕ ಮುಚ್ಚಿದೆ. ಅಷ್ಟರಲ್ಲಿ ಪಕ್ಕದಿಂದ ಆ ಕೂಗು:

"ಸರ! ಸರ! ಗಾಡಿ ನೋಡ್ರೀ! ಹೋತ್, ಗ್ವಾಡಿಗೆ ಹೋತ್! ಅಕ್ಕಾರ, ಕೈ ಮುಗೀತೀನ್ರಿ, ಆಟದ ನಡುವ ಮಾತಾಡಸಬ್ಯಾಡ್ರಿ!"

ನಾನು ತುಟಿ ಎರಡು ಮಾಡಿರಲಿಲ್ಲ. ನನ್ನ ಬದುಕಿನ ಅಂಥ ಗಳಿಗೆಯನ್ನು ಹಾಗೆ ಹಾಳು ಮಾಡಿದ್ದಕ್ಕೆ ಆ ಮನುಷ್ಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಆದರೂ ಶಿಷ್ಟಾಚಾರ ಎಂಬುದೊಂದಿದೆಯಲ್ಲ. ಒಂದು ಸ್ಪಂಜ್ ಕೇಕ್ ಮಾಡಿಕೊಂಡು, ಏನು ಹೇಳಬೇಕೆಂದು ಮನಸ್ಸಿನಲ್ಲೇ ರಿಹರ್ಸ್ ಮಾಡಿಕೊಂಡು ಹೋದೆ. ನೀವು ನಮಗೆ ಮಾಡಿದ ಉಪಕಾರ ಎಂದು ಶುರು ಮಾಡಿದ್ದೆ ಅಷ್ಟೆ.

"ಏ ಬಿಡ್ರಿ ಅಕ್ಕಾರ! ನಾ ಏನ್ ಡಾಕ್ಟರೇನ್ರಿ? ಈ ಸೊಸೈಟ್ಯಾಗ ಮಧ್ಯಾಹ್ನ ಖಾಲಿ ಇರಾವ್ರು ಸರ ಒಬ್ರ. ನನಗ ಆಡಾಕ ಜೋಡಿ ಬೇಕಿತ್ತು." ಕೇಕನ್ನು ಗಾಂಠಿಯಾ ಜೊತೆ ಸೇರಿಸಿ ಬಾಯಿಗೆ ಹಾಕಿಕೊಂಡರು. "ಉಪ್ಪ ಸ್ವಲ್ಪ ಕಮ್ಮಿ ಆಗೇತಿ." ಕೇಕಿಗೆ ಉಪ್ಪು! ಕೃತಜ್ಞತೆ ತೋರಿಸಲು ಸಹ ಬಿಡದ ಜನ.

ಮರುವರ್ಷ ಅಂಗಡಿಯಲ್ಲಿ, ಯಾರದೋ ಟೀವಿ ಬಿಚ್ಚಿಕೊಂಡು ಕೂತಿದ್ದಾಗ ಎದೆ ಹಿಡಿದುಕೊಂಡರಂತೆ. ಆಸ್ಪತ್ರೆ ಮುಟ್ಟಲಿಲ್ಲ. ಗುಜರಾತಿಗಳಲ್ಲಿ ಬೇಸಣು ಎಂದು ಮಾಡುತ್ತಾರೆ, ಬಿಳಿ ಬಟ್ಟೆ ಉಟ್ಟು ಬಂದು ಸತ್ತವರ ಫೋಟೋದ ಮುಂದೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುವುದು. ಸುತ್ತಮುತ್ತಲ ಎಲ್ಲ ಸೊಸೈಟಿಗಳಿಂದಲೂ ಜನ ಬಂದಿದ್ದರು. ಇಷ್ಟು ಜನರ ಟೀವಿ ಕೆಟ್ಟಿತ್ತೆ ಎನ್ನಿಸಿತು. ಯಜಮಾನರು ಎಲ್ಲರೆದುರು ಅತ್ತರು. ನಾನು ನೇರವಾಗಿ ಕೂತಿದ್ದು, ಕೈ ಮುಗಿದು ಬಂದೆ.

ಮನೆಗೆ ಬಂದು ಅವರನ್ನು ಹಾಸಿಗೆಯಲ್ಲಿ ಮಲಗಿಸಿ, ಎಡಗಡೆ ಕುರ್ಚಿ ಎಳೆದುಕೊಂಡು ಕೂತೆ. ಕಾಯಿಲೆಯ ಮೊದಲ ತಿಂಗಳುಗಳಲ್ಲಿ ಅಳು ಬಂದಾಗಲೆಲ್ಲ ನಾನು ಆ ಕಡೆಯೇ ಕೂತು ಅಳುತ್ತಿದ್ದೆ. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಆ ಅಭ್ಯಾಸವೇ ಇರಬೇಕು, ಕೂತ ಕೂಡಲೇ ತಡೆಯಲಾಗಲಿಲ್ಲ.

ದಿಂಬಿನ ಮೇಲೆ ತಲೆ ತಿರುಗಿದ ಸದ್ದಾಯಿತು.

"ಅಳ್ತಾ ಇದೀಯಾ?"

"ಇಲ್ಲ. ಆ ಮನುಷ್ಯನಿಗೋಸ್ಕರ ಅಳೋಷ್ಟು ನಾನಿನ್ನೂ ಕೆಟ್ಟಿಲ್ಲ."

ಅವರು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದರು.

"ಮೂಗು ಒರೆಸ್ಕೋ," ಎಂದರು. "ಕಾಣ್ತಾ ಇದೆ."