ಎಡೆಗೆ ಹೊಸದು

ಪೋತ್ತನೂರಿನ ರೈಲ್ವೆ ಗೇಟಿನ ಹತ್ತಿರ ಕುಮರೇಶನ್‌ಗೆ ಒಂದು ಅಂಗಡಿಯಿದೆ. ಟೀವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳನ್ನು ರಿಪೇರಿ ಮಾಡುತ್ತಾನೆ. ಅಪ್ಪ ಮಗ್ಗದ ಮುಂದೆ ಬೆನ್ನು ಬಗ್ಗಿಸಿದ, ಮಗ ಸೋಲ್ಡರಿಂಗ್ ಕಡ್ಡಿಯ ಮುಂದೆ. ಆ ಮನೆತನದ ಬೆನ್ನಿಗಂತೂ ಬಿಡುಗಡೆಯಿಲ್ಲ. ಕೆಟ್ಟ ಸುದ್ದಿಯನ್ನು ಸುತ್ತಿ ಬಳಸಿ ಹೇಳುವುದು ಕುಮರೇಶನ್‌ಗೆ ಬರುವುದಿಲ್ಲ. ಒಂದು ದಿನದ ಮಟ್ಟಿಗಾದರೂ ಆ ವಿದ್ಯೆ ಬಂದಿದ್ದರೆ ಚೆನ್ನಾಗಿತ್ತು.

ಅನ್ನೂರಿನಲ್ಲಿರುವ ಅವನ ಸೋದರತ್ತೆ ವಳ್ಳಿಯಮ್ಮನ ಮಗ ನವನೀತನ್ ತಾನೇ ಒಂದು ಆಟ ಬರೆದಿದ್ದ. ಪರದೆಯ ಮೇಲೆ ಲಾಳಿ ಓಡುತ್ತದೆ. ನೂಲು ಹರಿದರೆ ನವನೀತನ್ ದನಿ ಕೂಗುತ್ತದೆ: "ಅವ್ವಾ, ನೂಲು ಹರಿತು, ಬಾ!" ಚಿಕ್ಕಂದಿನಲ್ಲಿ ಪವರ್‌ಲೂಮ್ ಪಕ್ಕ ನಿಂತು ಹಾಗೇ ಕೂಗುತ್ತಿದ್ದನಂತೆ.

ಹೀಗೆ ಮನೆಯಲ್ಲೇ ಬರೆದ ಆಟ ಎಲ್ಲ ಕನ್ಸೋಲಿನಲ್ಲೂ ತೆರೆಯುವುದಿಲ್ಲ. ಕನ್ಸೋಲಿನ ಒಳಗೆ ಅದನ್ನು ನಡೆಸುವ ಮೂಲ ಪ್ರೋಗ್ರಾಂ ಒಂದಿರುತ್ತದೆ, ಫರ್ಮ್‌ವೇರ್. ಕಂಪನಿ ಹಾಕಿ ಕಳಿಸಿದ ಫರ್ಮ್‌ವೇರ್ ಕಂಪನಿ ಒಪ್ಪಿದ ಆಟಗಳನ್ನು ಮಾತ್ರ ತೆರೆಯುತ್ತದೆ. ಕೆಲವು ಯಂತ್ರಗಳಲ್ಲಿ ಅದನ್ನು ತೆಗೆದು, ತಿದ್ದಿದ ಫರ್ಮ್‌ವೇರನ್ನು ಕಾಯಮ್ಮಾಗಿ ಬರೆದುಬಿಡಬಹುದು. ಇನ್ನೊಂದು ಬಗೆಯಲ್ಲಿ ಏನನ್ನೂ ಬರೆಯುವುದಿಲ್ಲ. ಹಳೆಯ ಫರ್ಮ್‌ವೇರಿನ ಬಿರುಕಿನಲ್ಲಿ ನುಗ್ಗಿ, ಯಂತ್ರ ಆರುವ ತನಕ ಬೀಗ ತೆಗೆದಿಡುವುದು ಅಷ್ಟೆ. ಆರಿಸಿದರೆ ಮತ್ತೆ ಮೊದಲಿನಿಂದ ತೆಗೆಯಬೇಕು. ನವನೀತನ್‌ನದು ಈ ಬಗೆ. "ನೆಟ್ ಮಾತ್ರ ಕೊಡ್ಬೇಡ, ಅಪ್‌ಡೇಟ್ ಆದ್ರೆ ಬಿರುಕು ಮುಚ್ಚೋಗ್ತದೆ" ಎಂದು ಕುಮರೇಶನ್ ಅವನಿಗೆ ಹೇಳಿದ್ದ. ಮನೆಯಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳುತ್ತಾನೆ? ಹುಡುಗ ಸಾಯುತ್ತಾನೆಂದು ಯಾರು ಎಣಿಸಿದ್ದರು!

ತಿರುಪ್ಪೂರಿನ ಬನಿಯನ್ ಕಂಪನಿಯಿಂದ ಬೈಕಿನಲ್ಲಿ ಬರುವಾಗ ಲಾರಿಗೆ ಸಿಕ್ಕಿ ಹೋದ. ಫೋನೂ ಪುಡಿಯಾಯಿತು. ಅವನ ದನಿ ಉಳಿದದ್ದು ಆ ಆಟದಲ್ಲಿ ಮಾತ್ರ.

ಆ ಮನೆತನದಲ್ಲಿ ಸತ್ತವರ ಪಟದ ಮುಂದೆ ಎಡೆ ಇಡುವಾಗ ಅವರು ಇಷ್ಟಪಟ್ಟದ್ದನ್ನೆಲ್ಲ ಇಡುತ್ತಾರೆ. ಬಟ್ಟೆ ಮಾತ್ರ ಹಳೆಯದಾಗಬಾರದು, ಹೊಸ ಪಂಚೆ, ಹೊಸ ಅಂಗಿಯೇ ಆಗಬೇಕು. ವಳ್ಳಿಯಮ್ಮ ಕನ್ಸೋಲನ್ನೂ ಇಡಿಸಿದಳು. ಮಗನ ದನಿ ಕೇಳಬೇಕೆಂಬ ಆಸೆ. ಆರಿಸಿಟ್ಟಿದ್ದ ಯಂತ್ರ, ಬೀಗ ಮತ್ತೆ ಬಿದ್ದಿತ್ತು, ಆಟ ತೆರೆಯಲಿಲ್ಲ. ನೆಟ್ ಬೇಕೇನೋ ಎಂದು ಮಗಳು ಕೃತ್ತಿಕಾ ತನ್ನ ಫೋನಿನಿಂದ ಕೊಟ್ಟಳು.

"ಅವ್ವಾ, ಹೊಸದು ಬಂದೈತೆ, ಹಾಕ್ಲಾ ಅಂತ ಕೇಳ್ತದೆ."

"ಕೇಳೋದೇನ್, ನನ್ ಕಣ್ಣು, ಎಡೆಗೆ ಹೊಸದೇ ಅಲ್ವಾ ಇಡೋದು? ಹಾಕು."

ಹಾಕಿದಳು. ಆಟದ ಚಿತ್ರದ ಮೇಲೆ ಒಂದು ಸಣ್ಣ ಬೀಗ ಬಂದು ಕೂತಿತು.

ಮರುದಿನ ವಳ್ಳಿಯಮ್ಮ ಕನ್ಸೋಲನ್ನು ಆ ಹೊಸ ಪಂಚೆಯಲ್ಲೇ ಸುತ್ತಿಕೊಂಡು ಅಂಗಡಿಗೆ ಬಂದಳು. ಕುಮರೇಶನ್ ಹಚ್ಚಿ ನೋಡಿದ. ಬಿರುಕು ಮುಚ್ಚಿಹೋಗಿತ್ತು.

"ಅಳಿಸೋಯ್ತಾ, ಕಣ್ಣು?"

"ಇಲ್ಲತ್ತೆ. ಒಳಗೇ ಐತೆ. ತೆಗೆಯೋಕೆ ಆಗಲ್ಲ. ಹಳೇದಕ್ಕೆ ತಿರುಗಿ ಹೋಗೋಕೆ ಕಂಪನಿಯವ್ರು ದಾರಿ ಇಟ್ಟಿಲ್ಲ."

ಅಳಿಸಿಹೋಯಿತು ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದಳು. ಒಳಗೇ ಇದೆ ಎಂದುಬಿಟ್ಟ, ಪುಣ್ಯಾತ್ಮ. ಹೆತ್ತ ಹೊಟ್ಟೆ ಸುಮ್ಮನಿರುತ್ತದೆಯೇ?

"ನಾನೇ ಹಾಕು ಅಂದೆ," ಎಂದಳು.

ಅಂದಿನಿಂದ ಟೌನ್ ಬಸ್ ಹತ್ತಿ ಬರುತ್ತಾಳೆ. ಹೊಸ ಫರ್ಮ್‌ವೇರಿನಲ್ಲಿ ಯಾರಾದರೂ ಬಿರುಕು ಕಂಡುಹಿಡಿದರೇ ಎಂದು ಕುಮರೇಶನ್ ಹುಡುಕುತ್ತಲೇ ಇದ್ದಾನೆ. ಅವಳು ಸ್ಟೂಲಿನ ಮೇಲೆ ಕೂತು ಅವನ ಮುಖ ನೋಡುತ್ತಾಳೆ, ಟೀ ಕುಡಿಯುತ್ತಾಳೆ, ಹೋಗುತ್ತಾಳೆ.

ಮೊನ್ನೆ ಹೋಗುವ ಮೊದಲು ಕೇಳಿದಳು: "ಅವನ ಹಂಗೆ ನೀನೊಂದ್ ಸಲ ಹೇಳು, ಸಾಮಿ."

ಕುಮರೇಶನ್ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟ. ಹೇಗೋ ಹೇಳಿದ: "ಅವ್ವಾ, ನೂಲು ಹರಿತು, ಬಾ."

ವಳ್ಳಿಯಮ್ಮ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿ, ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು.